ನಾಲಗಿಗಡ್ಡಿ

ಮೂರು ಕಡಿ ಕೃಷ್ಣಿ, ಒಂದು ಕಡಿ ದಾರಿ.
ಆ ದಾರಿಗೆ ನಾವು ಕೊರಳು ಅಂತೀವಿ.
ಎರಡು ಬಂಡಿ ಎದುರಾಬದುರಾದರ
ಒಂದು ಹಿಂದ ಸರೀಬೇಕು, ಅಷ್ಟ ಅಗಲ.
ಹೊಳಿ ಬಂದಾಗ ಮೊದಲು ಹಿಡಿಯೋದು ಅದನ್ನ.

ಯಾದಗಿರಿಯಿಂದ ಬಂದ ಹುಡುಗ
ಸಾಲಿ ಕಟ್ಟಿ ಮ್ಯಾಲ ಕುಂತು ಫಾರಮು ಬಿಚ್ಚಿದ.
‘ಅಪಾಯದ ಹೆಸರು’ ಅಂತ ಮ್ಯಾಲ ಅಚ್ಚಾಗಿತ್ತು,
ಕೆಳಗ ಐದು ಖಾಲಿ ಮನಿ.
‘ಮೋನಮ್ಮಕ್ಕ, ಊರಿನ ಆಶಾ ನೀವ. ಹೇಳ್ರಿ, ಬರಕೋತೀನಿ.’

ಬರಕೋ ತಮ್ಮಾ. ಒಂದು, ನೀರು.
ಮಳಿ ನೀರಲ್ಲ. ಇಲ್ಲಿ ಬಿಸಲು ಸುಡತಿರತದ,
ತೊಗರಿ ಎಲಿ ಬಾಡಿ ಜೋತಿರತದ,
ಎಲ್ಲೋ ಮ್ಯಾಲ, ನಾವು ಕಾಣದ ಗುಡ್ಡದಾಗ ಮಳಿ ಬಿದ್ದು
ಡ್ಯಾಮಿನವರು ಗೇಟು ಎತ್ತತಾರ.
ಬಿಸಲಾಗ ಬರೋ ನೀರಿಗೆ ಸಪ್ಪಳ ಇರಂಗಿಲ್ಲ.
ಮೊದಲು ಇರವಿ ಬರತಾವ,
ಮೊಟ್ಟಿ ಹೊತಗೊಂಡು, ಒಲಿಕಟ್ಟಿ ಏರತಾವ.
ಆಮ್ಯಾಲ ಫೋನು: ಲಕ್ಷದ ಎಂಬತ್ತು ಸಾವಿರ ಕ್ಯೂಸೆಕ್.
ಕ್ಯೂಸೆಕ್ ಅಂದರ ಎಷ್ಟು ಕೊಡ ಅಂತ
ನಮ್ಮತ್ತಿ ಸಾಯೂತನಕ ಕೇಳಿದಳು.
ಯಾರೂ ಹೇಳಲಿಲ್ಲ.

ಎರಡು, ಮೊಸಳಿ.
ನೀರು ಇಳದ ಮ್ಯಾಲ ಗದ್ದ್ಯಾಗ ಉಳಕೊಂಡಿರತದ,
ಉರುಳಿ ಬಿದ್ದ ಜಾಲಿ ಬೊಡ್ಡಿ ಹಾಂಗ.
ಅದರ ಮ್ಯಾಲ ಕುಂತು ಬೀಡಿ ಹಚ್ಚೀನಿ ಅಂತಾನ ಅಂಬಿಗರ ಸಾಬಣ್ಣ.
ಅವನ ಮಾತು ಅರ್ಧ ಬರಕೋ.

ಮೂರು, ಸಿಡಿಲು.
ಖಾಜಾಬಿಯ ಎರಡು ಆಡು ಬೇವಿನ ಬುಡಕ
ನಿಂತಲ್ಲೇ ನಿಂತು ಸತ್ತಿದ್ದವು.
ನೂಕಿದ ಮ್ಯಾಲ ಬಿದ್ದವು.

ನಾಲ್ಕು ಅಂತ ಬರದು ಪೆನ್ನು ಕಾಯಕೋತ ನಿಂತಿತು.
ಏನು ಬರಸಲಿ?
ಆಚೆ ದಂಡಿಗೆ ನಿಂತ ಆಂಬುಲೆನ್ಸಿನ ನೀಲಿ ದೀಪ ಅಂತ ಬರಸಲೇನು?
ಕೊರಳು ಮುಳುಗಿ ಅವತ್ತಿಗೆ ಮೂರು ದಿನ.
ಈಚೆ ಗೌರಮ್ಮನ ನೋವು, ಕಂದೀಲು,
ಹೊಸಾ ಬ್ಲೇಡು, ಕುದಿಸಿದ ದಾರ, ನಡಗೋ ನನ್ನ ಕೈ.
ನಡುವ ಅರ್ಧ ಮೈಲಿ ಕೆಂಪು ನೀರು.
ಆ ದೀಪ ಬೆಳತನಕ ತಿರಗಿದ್ದ ತಿರಗಿದ್ದು.
ಕೂಸಿನ ಬಾಯಾಗ ಸಪ್ಪಳ ಇರಲಿಲ್ಲ.
ತೆಲಿಕೆಳಗ ಹಿಡದು ಬೆನ್ನಿಗೆ ಎರಡು ಕೊಟ್ಟೆ,
ಹೊಳಿ ಹೊರಳಿ ನೋಡೂ ಹಾಂಗ ಅತ್ತಿತು.
ಅದಕ್ಕ ಹೊಳೆವ್ವ ಅಂತ ಹೆಸರಿಟ್ಟರು.

‘ಊರು ಬಿಡಬಾರದೇನ್ರಿ?’
ಒಳ್ಳೆ ಹುಡುಗ, ನಾ ಕೊಟ್ಟ ಚಾ ಪೂರಾ ಕುಡದಿದ್ದ.
ಆಚೆ ಎರಿ ಮ್ಯಾಲ ಸರಕಾರ ಕಟ್ಟಿಸಿದ ನಲವತ್ತೆರಡು ಮನಿ ಅವ,
ಬಾಗಲ ಬಾಗಲಕ್ಕ ನಂಬರು.
ಬ್ಯಾಸಗ್ಯಾಗ ಅವುಗಳ ಮಾಳಿಗಿ ಮ್ಯಾಲ
ನಾವು ಮೆಣಸಿನಕಾಯಿ ಒಣಗಸತೀವಿ.
ಇಲ್ಲಿ ಹೊಳಿ ಬಿಟ್ಟು ಹೋದ ಮೆಕ್ಕಲಾಗ
ಶೇಂಗಾ ಹ್ಯಾಂಗ ಬರತದ ಅನ್ನೂದಕ್ಕ
ಅವನ ಫಾರಮಿನಾಗ ಮನಿ ಇರಲಿಲ್ಲ.

ಎದ್ದು, ಸಾಲಿ ಕಂಬ ನೋಡಿ ನಿಂತ.
ಒಂದರ ಮ್ಯಾಲ ಒಂದು ಗೆರಿ, ನಲವತ್ತೋ ಐವತ್ತೋ.
‘ಇಷ್ಟೊಂದು ಸಲ ನೀರು ಬಂದದೇನ್ರಿ?’
ನೀಲಿ ಗೆರಿ ನೀರಿಂದು. ಇದ್ದಲಿ ಗೆರಿ ಹುಡುಗರದು.
ಮಾಸ್ತರು ವರ್ಷಕ್ಕೊಮ್ಮೆ ನಿಲ್ಲಿಸಿ ಅಳೀತಿದ್ದರು,
ಅವರು ವರ್ಗ ಆದ ಮ್ಯಾಲ ನನಗ ಗಂಟುಬಿದ್ದದ.

ನಮ್ಮ ಮಾತು ಕೇಳಿ ಓಡಿ ಬಂದಳು ಹೊಳೆವ್ವ,
ಕಂಬಕ್ಕ ಬೆನ್ನು ಹಚ್ಚಿದಳು.
ಅವಳು ಹುಟ್ಟಿದ ವರ್ಷದ ನೀಲಿ ಗೆರಿ
ಹೋದ ಸಲ ನೆತ್ತಿಗಿಂತ ನಾಲ್ಕು ಬಟ್ಟು ಮ್ಯಾಲಿತ್ತು.
ಈ ಸಲ ಉಸರು ಹಿಡದು, ಕಣ್ಣು ಮುಚ್ಚಿ,
ಲಂಗದ ನೆರಿಗಿ ಎರಡೂ ಮುಟಿಗ್ಯಾಗ ಬಿಗಿದು ನಿಂತಾಳ.
‘ದಾಟೀನೇನು ಚಿಗವ್ವಾ?’

ಹಿಮ್ಮಡಿ ನೆಲಕ್ಕ ಹತ್ತಿರಲಿಲ್ಲ.
ನಾ ನೋಡೀನಿ.
ನೋಡೇ, ಇದ್ದಲಿ ತಗೊಂಡು
ನೀಲಿ ಮ್ಯಾಲ ಒಂದು ಕೂದಲಷ್ಟು ಬಿಟ್ಟು
ಗೆರಿ ಎಳದೀನಿ.